ಕೆರೆ ಕಡೆಯ ಕಿಟಕಿ

“ಕೆರೆ ಕಡೆ ಕಿಟಕಿ ಇರೋ ಕೋಣೇನೇ ಕೇಳು. ಸುಮ್ಮನಿದ್ದರೆ ಗೋಡೆ ಕಡೇದು ತಗಲಿಸಿಬಿಡ್ತಾರೆ.”

ಚಿಲಕದವನ ಹೆಂಡತಿ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಜ್ವರದಲ್ಲಿ ಮಲಗಿದ್ದಳು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಹೂಂ ಅಂದ. ಬರೆಯುವವನ ಮನೆಗೆ ಹೋಗಿ, ಬಿಡುವಿನ ಓಲೆಗೆ ಕೆರೆ ಕಡೆಯ ಕಿಟಕಿ ಸೇರಿಸಿ, ಮುದ್ರೆ ಒತ್ತಿಸಿಕೊಂಡು ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಜನ ಬಂದರು. ಕೊನೆಗೆ ಏನಾದರೂ ಹೇಳಿದಳಾ ಅಂತ ಕೇಳಿದರು. ಆ ಪೇಟೆಯಲ್ಲಿ ಹೆಂಗಸರು ಹೋಗುವಾಗ ದೇವರ ಹೆಸರು ಹೇಳುತ್ತಿದ್ದರು. ಕೆಲವರು ತವರಿನ ಹೆಸರು ಹೇಳುತ್ತಿದ್ದರು. ಕಿಟಕಿಯ ಹೆಸರು ಹೇಳಿ ಹೋದವರಿಲ್ಲ. ಚಿಲಕದವನಿಗೆ ಬಾಯಿ ಬಿಡಲು ನಾಚಿಕೆಯಾಯಿತು. ದೇವರ ಹೆಸರೇ ಹೇಳಿರಬೇಕು ಬಿಡು, ಪುಣ್ಯವಂತೆ, ಅಂತ ಪಕ್ಕದ ಮನೆಯವಳೇ ಹೇಳಿ ಮುಗಿಸಿದಳು. ಅದಕ್ಕೂ ಹೂಂ ಅಂದ.

ಬೆಟ್ಟದ ಬುಡದಲ್ಲಿ ಪೇಟೆ. ಬೆಟ್ಟದ ಮೇಲೆ ಹಳ್ಳಿ. ಹಳ್ಳಿಯಲ್ಲಿ ಒಂದು ಕೆರೆ, ಕೆರೆಯ ಮಗ್ಗುಲಲ್ಲಿ ಬಿಸಿನೀರಿನ ಬುಗ್ಗೆ. ಬದುಕಿನಲ್ಲಿ ಒಂದು ಸಲವಾದರೂ ಏಳು ದಿನ ಅಲ್ಲಿ ಇದ್ದು ಬರಬೇಕು ಅಂತ ಪೇಟೆಯವರಿಗೆಲ್ಲ ಆಸೆ. ಆದರೆ ಗಂಟು ಕಟ್ಟಿಕೊಂಡು ಸುಮ್ಮನೆ ಹತ್ತಿಬಿಡುವ ಹಾಗಿರಲಿಲ್ಲ. ಇರಬೇಕಾದ ಏಳು ದಿನವನ್ನು ಮೊದಲೇ ಓಲೆಯಲ್ಲಿ ಬರೆಸಬೇಕಿತ್ತು. ಬರೆದದ್ದು ಆಗಬೇಕು. ಬರೆಯದ್ದು ಆಗಬಾರದು. ಮುದ್ರೆ ಬಿದ್ದ ಮೇಲೆ ತಿದ್ದಬಾರದು. ಯಾಕೆ ಹೀಗೆ ಅಂತ ಯಾರೂ ಕೇಳಿದವರಲ್ಲ. ಬಿಡುವು ಅಂದರೆ ಹುಡುಗಾಟವೇ ಅಂತ ಹಿರಿಯರು ಹೇಳುತ್ತಿದ್ದರು.

ಚಿಲಕದವನೂ ಹೆಂಡತಿಯೂ ಇಪ್ಪತ್ತೆರಡು ವರ್ಷ ಬರೆಸಿದರು. ಮಕ್ಕಳಿರಲಿಲ್ಲ. ಓಲೆ ಇತ್ತು. ಸೋಮವಾರ ಸಂಜೆ ಉಂಡು ಕೈ ತೊಳೆದು, ಎದುರುಬದುರು ಕೂತು, ಆ ವಾರ ಏನು ಸೇರಿಸಬೇಕು ಅಂತ ಮಾತಾಡುವರು. ಇಬ್ಬರಿಗೂ ಅಕ್ಷರ ಬಾರದು. ಮಾತಾಡಿದ್ದನ್ನು ಬಾಯಲ್ಲಿಟ್ಟುಕೊಂಡು ಅವನು ಮರುದಿನ ಬರೆಯುವವನ ಹತ್ತಿರ ಹೋಗುವನು. ದಾರಿಯಲ್ಲಿ ಅರ್ಧ ಮರೆಯುವನು. ಮತ್ತೆ ಮುಂದಿನ ಸೋಮವಾರ ಅವಳು ಬೈಯುವಳು.

ಬರೆಸುವುದರಲ್ಲಿ ಅವಳು ಗಟ್ಟಿಗಿತ್ತಿ. ಹೆಂಡತಿಯ ಚೀಲವನ್ನು ಗಂಡ ಹೊರುವುದು ಅಂತ ಬರೆಸಿದಳು. ಗಂಡ ತನ್ನ ಕೆಲಸದ ಸಾಮಾನು ತರಬಾರದು ಅಂತ ಬರೆಸಿದಳು. ಮೂರನೆಯ ದಿನ ಮಧ್ಯಾಹ್ನಕ್ಕೆ ಒಂದು ಜಗಳ ಬರೆಸಿದಳು. ಬಿಡುವಿನಲ್ಲೂ ಜಗಳವೇ ಅಂತ ಅವನು ಕೇಳಿದ್ದಕ್ಕೆ, “ಏಳು ದಿನ ಜಗಳ ಇಲ್ದೆ ನಿನ್ನ ಜತೆ ಇರೋಕಾಗ್ತದಾ? ಬರೆಸದೆ ಹೋದರೆ ಅಲ್ಲಿ ಆಡೋಕೆ ಬಿಡಲ್ಲ. ಬರೆಸು” ಅಂದಳು.

ಕಿಟಕಿಯದ್ದೂ ಅವಳೇ ಬರೆಸಿದ್ದು. ಅದಕ್ಕೊಂದು ಕಾರಣವಿತ್ತು. ಇವನು ಚಿಲಕದವ. ಪೇಟೆಯ ಬಾಗಿಲು ಕಿಟಕಿಗಳಿಗೆಲ್ಲ ಚಿಲಕ ಕೂರಿಸಿದವನು ಇವನೇ. ಆ ಕಸುಬಿಗೊಂದು ಕಟ್ಟುಪಾಡು ಇತ್ತು. ಚಿಲಕ ಕೂರಿಸಿದವನು ತಾನೇ ಮೊದಲು ತೆಗೆಯಬಾರದು. ಕೂರಿಸಿ, ಎಣ್ಣೆ ಬಿಟ್ಟು, ಮುಚ್ಚಿ, ಪಕ್ಕಕ್ಕೆ ಸರಿದು ನಿಲ್ಲಬೇಕು. ಅಮ್ಮಾ ಒಂದ್ಸಲ ತೆಗೆದು ನೋಡಿ ಅನ್ನಬೇಕು. ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತೆಗೆಯಬೇಕು. ಅವಳ ಕೈಗೆ ಬಗ್ಗಿದರೆ ಕೆಲಸ ಮುಗಿಯಿತು. ಹೀಗೆ ಎಷ್ಟೋ ಮನೆಯ ಎಷ್ಟೋ ಹೆಂಗಸರಿಗೆ ಅವನು ಪಕ್ಕಕ್ಕೆ ಸರಿದು ನಿಂತಿದ್ದ. ತನ್ನ ಮನೆಯ ಅಡಿಗೆಕೋಣೆಯ ಕಿಟಕಿಗೆ ಮಾತ್ರ ನಾಳೆ, ನಾಡಿದ್ದು, ಹಬ್ಬ ಕಳೀಲಿ ಅನ್ನುತ್ತಿದ್ದ. ಅವಳು ಒನಕೆಯ ತುದಿಯಿಂದ ಕುಟ್ಟಿ ತೆಗೆಯುತ್ತಿದ್ದಳು. ಅಂಗೈಯಲ್ಲಿ ಕುಟ್ಟಿ ಮುಚ್ಚುತ್ತಿದ್ದಳು. ಒಂದು ಸೋಮವಾರ ಅವಳು, “ಅಲ್ಲಾದರೂ ನನ್ನ ಕೈಗೆ ಬಗ್ಗೋ ಕಿಟಕಿ ಇರಲಿ. ದಿನಾ ಬೆಳಿಗ್ಗೆ ನಾನೇ ತೆಗೀಬೇಕು. ನಾನೇ ಅಂತ ಬರೆಸು” ಅಂದಳು. ಅವನು ದಾರಿಯಲ್ಲಿ ಮರೆಯದೆ ಬರೆಸಿದ.

ಈಗ ತಿಥಿ ಮುಗಿದ ಮೇಲೆ ಚಿಲಕದವನು ಬರೆಯುವವನ ಹತ್ತಿರ ಹೋದ. ಅವಳಿಲ್ಲ, ಏನು ಮಾಡೋಣ ಅಂತ ಕೇಳಿದ. ಬರೆಯುವವ ಓಲೆ ಬಿಚ್ಚಿ ನೋಡಿ, ಇದ್ದಾರಲ್ಲ, ಸಾಲು ಸಾಲಿಗೂ ಇದ್ದಾರೆ ಅಂದ. ಅವಳನ್ನು ತೆಗೆದು ನನ್ನನ್ನು ಮಾತ್ರ ಇಡೋಕಾಗಲ್ವಾ ಅಂತ ಇವನು ಕೇಳಿದ. ಬರೆಯುವವನಿಗೆ ಇವನ ಮೇಲೆ ಕನಿಕರವೇ ಇತ್ತು. ಆದರೆ ಮುದ್ರೆ ಬಿದ್ದಿತ್ತು. “ಅವರನ್ನು ತೆಗೆದರೆ ಓಲೇಲಿ ಏನು ಉಳೀತದೆ ಯಜಮಾನರೇ? ನೀವು ಚೀಲ ಹೊರೋದು ಒಂದೇ” ಅಂದ.

ಆದ್ದರಿಂದ ಚಿಲಕದವನು ಹೆಂಡತಿಯ ಚೀಲ ಹೊತ್ತುಕೊಂಡು ಬೆಟ್ಟ ಹತ್ತಿದ. ಚೀಲದಲ್ಲಿ ಅವಳ ಎರಡು ಸೀರೆ, ಕಂಬಳಿ, ತಲೆಗೆಣ್ಣೆಯ ಸೀಸೆ, ಅಡಕತ್ತರಿ. ಬರೆದಂತೆ ದಾರಿಯಲ್ಲಿ ಮೂರು ಕಡೆ ಕೂತ. ಅವಳಿಗೆ ಮಂಡಿನೋವಿತ್ತು.

ಹಳ್ಳಿಯ ಮೇಲೆ ಬುಗ್ಗೆಯ ಹಬೆ ಕವುಚಿಕೊಂಡಿತ್ತು. ಹತ್ತು ಹೆಜ್ಜೆಯ ಆಚೆ ಏನೂ ಕಾಣುತ್ತಿರಲಿಲ್ಲ. ತಂಗುಮನೆಯ ಮೆಟ್ಟಿಲ ಮೇಲೆ ಓದುವಾಕೆ ನಿಂತಿದ್ದಳು. ಬಂದವರ ಓಲೆಯನ್ನು ದಿನಕ್ಕೊಂದು ಹಾಳೆಯಂತೆ ಓದಿ ಹೇಳುವುದು, ಓದಿದ್ದು ಆಯಿತೆಂದು ಗುರುತು ಹಾಕುವುದು, ಅವಳ ಕೆಲಸ. ನಡುವಯಸ್ಸು, ಇಸ್ತ್ರಿ ಮಾಡಿದ ಹಾಗೆ ಮುಖ. ಅವಳು ಅವನಿಗೆ ಕೈ ಮುಗಿದಳು. ಅವನ ಪಕ್ಕಕ್ಕೂ ಕೈ ಮುಗಿದಳು. “ಅಮ್ಮನವರಿಗೆ ದಾರಿ ಆಯಾಸ ಆಯ್ತೇನೋ” ಅಂದಳು.

ಚಿಲಕದವನು ಪಕ್ಕಕ್ಕೆ ತಿರುಗಿ ನೋಡಿದ. ಹಬೆ ಇತ್ತು.

ಕೋಣೆ ಕೇಳಿದಂತೆಯೇ ಸಿಕ್ಕಿತು. ಎರಡು ಹಾಸಿಗೆ, ಎರಡು ತಂಬಿಗೆ, ಕೆರೆ ಕಡೆಗೆ ಒಂದು ಕಿಟಕಿ. ಮರದ ಕದಗಳು ಮುಚ್ಚಿದ್ದವು. ಚಿಲಕ ಬಿದ್ದಿತ್ತು.

ಮೊದಲನೆಯ ಬೆಳಿಗ್ಗೆ ಓದುವಾಕೆ ಬಂದು ಬಾಗಿಲಲ್ಲಿ ನಿಂತು ಓದಿದಳು. ಬೆಳಿಗ್ಗೆ. ಹೆಂಡತಿ ಕಿಟಕಿ ತೆಗೆಯುತ್ತಾಳೆ. ಇಬ್ಬರೂ ಕೆರೆ ನೋಡುತ್ತಾರೆ. ಓದಿ ಸುಮ್ಮನೆ ನಿಂತಳು. ಒಬ್ಬ ಹೆಂಗಸು ಎದ್ದು, ಕೂದಲು ಕಟ್ಟಿಕೊಂಡು, ಕಿಟಕಿ ತೆಗೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಳು. ಆಮೇಲೆ ಮುಚ್ಚಿದ ಕದಗಳನ್ನು ನೋಡುತ್ತ, ಇವತ್ತು ನೀರು ತಿಳಿಯಾಗಿದೆ ಅಂದಳು. ಗುರುತು ಹಾಕಿ ಹೋದಳು.

ಚಿಲಕದವನು ಕದ ನೋಡುತ್ತ ಕೂತ. ಕೈ ಹಾಕಲಿಲ್ಲ. ನಾನೇ ಅಂತ ಅವಳು ಬರೆಸಿದ್ದಳು.

ಆಮೇಲೆ ಬುಗ್ಗೆ. ಅಲ್ಲಿ ಎರಡು ಕಲ್ಲು, ಒಂದು ತಾಮ್ರದ ಚೊಂಬು. ಗಂಡ ಹೆಂಡತಿಗೆ ನೀರು ಹಾಕುತ್ತಾನೆ, ಹೆಂಡತಿ ಗಂಡನಿಗೆ ನೀರು ಹಾಕುತ್ತಾಳೆ ಅಂತ ಓಲೆ. ಚಿಲಕದವನು ಬರಿಗಲ್ಲಿಗೆ ನೀರು ಹಾಕಿದ. ಬಿಸಿ ಹೆಚ್ಚಾಯಿತೇನೋ ಅಂತ ಎರಡನೆಯ ಚೊಂಬು ನಿಧಾನ ಹಾಕಿದ. ಹನ್ನೆರಡು ಚೊಂಬು ಹಾಕಿದ ಮೇಲೆ ತಾನು ಇನ್ನೊಂದು ಕಲ್ಲಿನ ಮೇಲೆ ಕೂತು ಬೆನ್ನು ಕೊಟ್ಟ. ಹನ್ನೆರಡು ಚೊಂಬಿನಷ್ಟು ಹೊತ್ತು ಹಾಗೇ ಕೂತಿದ್ದು ಎದ್ದ. ದೂರದೂರದವರು ಮೈನೋವು ಕಳೆಯಲು ಬರುವ ಬುಗ್ಗೆ ಅದು. ಏಳು ದಿನವೂ ಚಿಲಕದವನು ಅಲ್ಲಿಗೆ ಹೋಗಿ ಒಣಮೈಯಲ್ಲೇ ವಾಪಸು ಬಂದ.

ಊಟಕ್ಕೆ ಎರಡು ಎಲೆ ಹಾಕಿದರು. ಎರಡಕ್ಕೂ ಬಡಿಸಿದರು. ಅವಳ ಎಲೆಯ ಮುಂದೆ ನಿಂತು ಇನ್ನೊಂದು ಚೂರು ಅಂತ ಒತ್ತಾಯ ಮಾಡಿದರು. ಎಲೆ ಎತ್ತುವಾಗ ಓದುವಾಕೆ, ಅಮ್ಮನವರು ಹೋಳಿಗೆ ಮುಟ್ಟಲೇ ಇಲ್ಲವಲ್ಲ ಅಂತ ಬೇಸರಪಟ್ಟಳು.

“ಅವಳಿಗೆ ಸಿಹಿ ಸೇರಲ್ಲ” ಅಂದ ಚಿಲಕದವನು.

ಕೆಳಗೆ ಪೇಟೆಯಲ್ಲಿ ಅವಳಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಅಂತ ಕೇಳುವವರು ಈಗ ಯಾರೂ ಇರಲಿಲ್ಲ. ಅವಳ ಹೆಸರು ಬಂದರೆ ಮಾತು ತಿರುಗಿಸುವರು. ಇಲ್ಲಿ ಅವಳಿಗೆ ಹೋಳಿಗೆ ಬೇಡವೆಂದು ಬರೆದುಕೊಂಡರು. ಮರುದಿನ ಅವಳ ಎಲೆಗೆ ಮಾತ್ರ ಕೋಸಂಬರಿ ಜಾಸ್ತಿ ಬಡಿಸಿದರು.

ಮೂರನೆಯ ದಿನ ಮಧ್ಯಾಹ್ನ ಜಗಳ. ತಂಗುಮನೆಯವರೆಲ್ಲ ಮರ್ಯಾದೆಯಿಂದ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಚಿಲಕದವನು ಹಾಸಿಗೆಯ ಮೇಲೆ ಕೂತ. ಯಾವುದಕ್ಕೆ ಜಗಳ ಅಂತ ಬರೆಸಿರಲಿಲ್ಲ. ಅಲ್ಲಿಗೆ ಹೋದ ಮೇಲೆ ಸಿಕ್ಕೇ ಸಿಗ್ತದೆ ಅಂದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಓದುವಾಕೆ ಬಾಗಿಲು ತಟ್ಟಿದಳು.

“ಆಯ್ತಾ?”

“ಆಯ್ತು.”

“ಯಾರು ಗೆದ್ದಿದ್ದು ಅಂತ ಗುರುತು ಹಾಕಬೇಕು.”

“ಅವಳೇ” ಅಂದ.

ನಾಲ್ಕನೆಯ ದಿನ ಕೆರೆಯ ದಂಡೆಗೆ ತಿರುಗಾಟ. ಹೆಂಡತಿ ಮುಂದೆ, ಗಂಡ ಹಿಂದೆ. ಅವನ ನಡಿಗೆ ನಿಧಾನ, ಹಿಂದೇ ಬರಲಿ ಅಂತ ಅವಳು ಬರೆಸಿದ್ದು. ಮುಂದೆ ಹೋಗುವವರು ಯಾರೂ ಹೋಗದೆ ಇದ್ದುದರಿಂದ ಹಿಂದೆ ಹೋಗುವವನು ಮೆಟ್ಟಿಲ ಮೇಲೇ ಉಳಿದ. ಅಲ್ಲೇ ಪಕ್ಕದ ಕೋಣೆಯ ಮುದುಕಿ ಸಿಕ್ಕಿದಳು. ಬೊಚ್ಚುಬಾಯಿ, ಕಿವಿಯಲ್ಲಿ ಹತ್ತಿ. ಪಕ್ಕದಲ್ಲೊಂದು ಮಣೆ ಹಾಕಿಸಿಕೊಂಡು ಕೂತಿದ್ದಳು. ಇವನು ಕೂರಲು ಹೋದರೆ, ಅಲ್ಲಿ ನಮ್ಮನೆಯವರು ಇದ್ದಾರೆ, ಈ ಕಡೆ ಬನ್ನಿ ಅಂದಳು.

ಅವಳು ಮೂವತ್ತೊಂದನೆಯ ಸಲ ಬಂದಿದ್ದಳು. ಅವಳೇ ವಿವರವಾಗಿ ಹೇಳಿದಳು. ಏಳು ದಿನ ಒಂದು ತಪ್ಪೂ ಇಲ್ಲದೆ ಓಲೆಯಂತೆ ಇದ್ದವರು ಎಂಟನೆಯ ದಿನ ಬೆಳಿಗ್ಗೆ ಹೆಬ್ಬೆಟ್ಟು ಒತ್ತಬಹುದು. ಒತ್ತಿದರೆ ಅದೇ ಓಲೆ ವರ್ಷವರ್ಷವೂ ನಡೆಯುತ್ತದೆ, ಅದೇ ಕೋಣೆ, ಅದೇ ಎರಡು ಎಲೆ. ಹೆಬ್ಬೆಟ್ಟು ಬೀಳುವ ಮುಂಚೆ ಬರೆಯದ್ದು ಒಂದು ಆದರೂ ಓಲೆ ಮುರಿಯಿತು. ಆಮೇಲೆ ಒಂದೇ ಎಲೆ. ಇಲ್ಲದವರನ್ನು ಹಳ್ಳಿ ಮತ್ತೆ ಕಾಣುವುದಿಲ್ಲ, ಮತ್ತೆ ಬರೆಸಲೂ ಬಿಡುವುದಿಲ್ಲ.

“ಮೊದಲೆರಡು ವರ್ಷ ಕಷ್ಟ. ಆಮೇಲೆ ಒಗ್ಗಿ ಹೋಗ್ತದೆ. ನಮ್ಮನೆಯವರು ಬದುಕಿದ್ದಾಗ ಒಂದು ಮಾತು ಕೇಳಿದವರಲ್ಲ. ಈಗ ನೋಡಿ, ಕೂರು ಅಂದ್ರೆ ಕೂರ್ತಾರೆ.” ಮುದುಕಿ ಮಣೆಯ ಧೂಳು ಒರೆಸಿದಳು.

ಕೆರೆ ಹೇಗಿದೆ ಅಂತ ಚಿಲಕದವನು ಕೇಳಿದ.

“ಕೆರೆ ನೋಡೋದು ಅವರ ಪಾಲಿಗೆ ಬರೆಸಿದ್ವಿ. ಅವರು ನೋಡ್ಕೊಂಡು ಬರ್ತಾರೆ.”

“ಬಂದು ಹೇಗಿದೆ ಅಂತಾರೆ?”

ಮುದುಕಿ ಕಿವಿಯ ಹತ್ತಿ ಒತ್ತಿಕೊಂಡಳು. “ಅದು ಬರೆಸಿಲ್ಲ” ಅಂದಳು.

ಐದನೆಯ ದಿನ, ಆರನೆಯ ದಿನ. ಹೆಂಡತಿ ಕಿಟಕಿ ತೆಗೆಯುತ್ತಾಳೆ. ಇಬ್ಬರೂ ಕೆರೆ ನೋಡುತ್ತಾರೆ. ಇವತ್ತು ಕೊಕ್ಕರೆ ಎರಡು ಹೆಚ್ಚಿವೆ, ಇವತ್ತು ಗಾಳಿ ಇದೆ, ಅಲೆ ನೋಡಿ, ಅಂತ ಓದುವಾಕೆ ಕದಕ್ಕೆ ಹೇಳುತ್ತಿದ್ದಳು. ಕೇಳಿ ಕೇಳಿ ಚಿಲಕದವನಿಗೂ ಕೊಕ್ಕರೆ ಕಂಡ ಹಾಗಾಯಿತು. ಮುಂದಿನ ವರ್ಷಕ್ಕೆ ಅವಳ ಇನ್ನೊಂದು ಕಂಬಳಿ ತರಬೇಕು ಅಂದುಕೊಂಡ. ಕೋಸಂಬರಿಗೆ ನಿಂಬೆಹುಳಿ ಸ್ವಲ್ಪ ಕಡಿಮೆ ಹಾಕಿ, ಅವಳಿಗೆ ಹಲ್ಲು ಜುಮ್ಮೆನ್ನುತ್ತದೆ ಅಂತ ತಾನಾಗಿ ಹೇಳಿದ. ವರ್ಷಕ್ಕೆ ಏಳು ದಿನ. ಕಡಿಮೆಯೇನಲ್ಲ. ಎಷ್ಟೋ ಗಂಡಂದಿರಿಗೆ ಬದುಕಿರುವ ಹೆಂಡತಿಯ ಜತೆ ಅಷ್ಟೂ ಸಿಗುವುದಿಲ್ಲ.

ಏಳನೆಯ ದಿನ ಸಂಜೆ ಓದುವಾಕೆ ಬಂದು ಒಂದು ತಪ್ಪೂ ಇಲ್ಲ ಅಂತ ಹೇಳಿದಳು. ಅವಳ ಇಸ್ತ್ರಿಯ ಮುಖದಲ್ಲಿ ಸಂತೋಷವಿತ್ತು. ನಾಳೆ ಬೆಳಿಗ್ಗೆ ತಿಂಡಿಗೆ ಮುಂಚೆ ಶಾಯಿ ತರುತ್ತೇನೆ ಅಂದಳು. ಹೆಬ್ಬೆಟ್ಟು ಯಾವುದಕ್ಕೆ ಅಂತ ತಿಳಿದಿರಬೇಕಲ್ಲ, ಅದನ್ನೂ ಓದಿದಳು. ಹೆಂಡತಿ ಬಂದಳು. ಹೆಂಡತಿ ನೀರು ಹಾಕಿಸಿಕೊಂಡಳು. ಹೆಂಡತಿ ಜಗಳ ಗೆದ್ದಳು. ಹೆಂಡತಿ ಏಳು ಬೆಳಿಗ್ಗೆ ಈ ಕಿಟಕಿಯನ್ನು ತನ್ನ ಕೈಯಾರೆ ತೆಗೆದಳು. ಇದೆಲ್ಲ ನಿಜವೆಂದು ನನ್ನ ಹೆಬ್ಬೆಟ್ಟು.

ಓದುವಾಕೆ ಹೋದ ಮೇಲೆ ಚಿಲಕದವನು ಎದ್ದು ಕಿಟಕಿಯ ಹತ್ತಿರ ಹೋದ. ಏಳು ದಿನವೂ ಅವನು ಕದವನ್ನೇ ನೋಡಿದ್ದ. ಚಿಲಕವನ್ನು ನೋಡಿರಲಿಲ್ಲ. ಬಿಡುವಿನಲ್ಲಿ ಕೆಲಸದ ಕಡೆ ಕಣ್ಣು ಹಾಕಬಾರದು ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಈಗ ನೋಡಿದ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

ಚಿಲಕವನ್ನು ತಲೆಕೆಳಗು ಕೂರಿಸಿದ್ದರು. ಒಂದು ತಿರುಪು ಸಡಿಲ. ಒಂದು ಇಲ್ಲವೇ ಇಲ್ಲ. ಚಿಲಕದ ನಾಲಿಗೆ ತುಕ್ಕು ಹಿಡಿದು ಗೂಡಿನಲ್ಲಿ ಕಚ್ಚಿಕೊಂಡಿತ್ತು. ಯಾವನೋ ಅರೆಬರೆ ಕಲಿತವನು ಕೂರಿಸಿದ್ದು. ಕೂರಿಸಿದ ಮೇಲೆ ಪಕ್ಕಕ್ಕೆ ಸರಿದು ನಿಂತವನಲ್ಲ. ಯಾವ ಹೆಂಗಸನ್ನೂ ಕರೆದು ಅಮ್ಮಾ ತೆಗೆದು ನೋಡಿ ಅಂದವನಲ್ಲ. ಕಿಟಕಿ ಮಾಡಿದ ದಿನದಿಂದ ಈ ಚಿಲಕ ಯಾರ ಕೈಗೂ ಬಗ್ಗಿರಲಿಲ್ಲ.

ಅವಳು ಬಂದಿದ್ದರೂ ಬಗ್ಗುತ್ತಿರಲಿಲ್ಲ. ಚಿಲಕದವನು ಹಾಸಿಗೆಯ ಮೇಲೆ ಕೂತು ಇದನ್ನು ನಿಧಾನವಾಗಿ ಯೋಚಿಸಿದ. ಬಂದಿದ್ದರೆ ಮೊದಲನೆಯ ಬೆಳಿಗ್ಗೆಯೇ ಎಳೆಯುತ್ತಿದ್ದಳು. ಬಗ್ಗುತ್ತಿರಲಿಲ್ಲ. ಒನಕೆ ಎಲ್ಲಿ ಅಂತ ಕೇಳುತ್ತಿದ್ದಳು. ಮನೆಯದ್ದೂ ಹೀಗೇ, ಬೆಟ್ಟ ಹತ್ತಿ ಬಂದರೂ ಹೀಗೇ, ನನ್ನ ಹಣೆಬರಹ ಅಂತ ಶುರು ಮಾಡುತ್ತಿದ್ದಳು. ಮೂರನೆಯ ದಿನದವರೆಗೆ ಕಾಯುತ್ತಿರಲಿಲ್ಲ. ಆ ಬೈಗುಳ ಅವನಿಗೆ ಪೂರ್ತಿ ಕೇಳಿಸಿತು. ಏಳು ದಿನದಲ್ಲಿ ಅವಳ ದನಿ ಕೇಳಿಸಿದ್ದು ಅದೇ ಮೊದಲು.

ಹಳ್ಳಿಯವರು ಇನ್ನೇನು ಹೇಳಿದರೂ ಒತ್ತುತ್ತಿದ್ದ. ಬಂದಳು ಅಂದರೆ ಬಂದಳು. ಉಂಡಳು ಅಂದರೆ ಉಂಡಳು. ಆ ಚಿಲಕ ಒಂದು ಹೆಣ್ಣುಕೈಗೆ ಬಗ್ಗಿತು ಅನ್ನುವುದಕ್ಕೆ ಚಿಲಕದವನು ಹೇಗೆ ಹೆಬ್ಬೆಟ್ಟು ಒತ್ತುವುದು? ಪೇಟೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಹಾಗಂತ ಎರಡು ಎಲೆ ಬಿಡುವುದೂ ಸುಲಭವಿರಲಿಲ್ಲ. ಅವನು ಅವಳ ಹಾಸಿಗೆಯ ಕಡೆ ನೋಡಿದ. ಹಳ್ಳಿಯವರು ದಿನಾ ಅದನ್ನು ಮಲಗೆದ್ದ ಹಾಗೆ ಸುಕ್ಕು ಮಾಡಿ, ದಿನಾ ಮತ್ತೆ ಸರಿಮಾಡುತ್ತಿದ್ದರು. ಈ ಭೂಮಿಯ ಮೇಲೆ ಅವಳ ಹಾಸಿಗೆ ಸರಿಮಾಡುವ ಜಾಗ ಇದೊಂದೇ.

ಮರುದಿನ ಬೆಳಿಗ್ಗೆ ಚಿಲಕದವನು ಓದುವಾಕೆ ಬರುವುದಕ್ಕೆ ಮುಂಚೆ ಎದ್ದ. ಸಾಮಾನು ತಂದಿರಲಿಲ್ಲ. ಹೆಂಡತಿಯ ಚೀಲ ಬಿಚ್ಚಿ ಅಡಕತ್ತರಿ ತೆಗೆದ. ಅದರ ಮೂತಿಯಿಂದ ತಿರುಪು ಬಿಚ್ಚಿದ. ಚಿಲಕ ಕಳಚಿ, ತುಕ್ಕು ಕೆರೆದು, ನೆಟ್ಟಗೆ ತಿರುಗಿಸಿ ಕೂರಿಸಿದ. ಇಲ್ಲದ ತಿರುಪಿಗೆ ಅಂಗಿ ತೂಗುವ ಗೂಟದ ತಿರುಪೊಂದನ್ನು ಬಿಚ್ಚಿ ಹಾಕಿದ. ಅವಳ ತಲೆಗೆಣ್ಣೆ ಎರಡು ಹನಿ ಬಿಟ್ಟ. ಕೋಣೆಯೆಲ್ಲ ಅವಳ ತಲೆಯ ವಾಸನೆಯಾಯಿತು. ನಾಲಿಗೆಯನ್ನು ಗೂಡಿನಲ್ಲಿ ಹಿಂದೆ ಮುಂದೆ ಆಡಿಸಿ ಎಣ್ಣೆ ಕುಡಿಸಿ, ಮತ್ತೆ ಹಾಕಿದ. ಕದ ಮುಚ್ಚಿಯೇ ಇತ್ತು.

ಆಮೇಲೆ ಪಕ್ಕಕ್ಕೆ ಸರಿದು ನಿಂತ.

“ಒಂದ್ಸಲ ತೆಗೆದು ನೋಡೇ” ಅಂದ.

ಒಬ್ಬ ಹೆಂಗಸು ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತ. ಇನ್ನೂ ಸ್ವಲ್ಪ ಹೊತ್ತು ನಿಂತ. ಅವಳಿಗೆ ಮಂಡಿನೋವಿತ್ತು.

ಬಾಗಿಲಲ್ಲಿ ಓದುವಾಕೆ ಬಂದು ನಿಂತಿದ್ದಳು. ಕೈಯಲ್ಲಿ ಶಾಯಿ. ಅವಳು ಬಾಯಿ ತೆಗೆಯುವಷ್ಟರಲ್ಲಿ ಚಿಲಕದವನು ಕಿರುಬೆರಳು ಹಾಕಿ ಚಿಲಕ ಎಳೆದ. ಎಳೆದದ್ದು ಗೊತ್ತಾಗದಷ್ಟು ಹಗುರವಾಗಿ ಬಂತು. ಕದಗಳು ತಾವಾಗಿಯೇ ಬಿಚ್ಚಿಕೊಂಡವು.

ಹಬೆ ಸರಿದಿತ್ತು. ಕೆರೆ ಇತ್ತು. ದೊಡ್ಡದೇನಲ್ಲ. ಆಚೆ ದಡದಲ್ಲಿ ಯಾರದೋ ಎಮ್ಮೆ ಕುತ್ತಿಗೆವರೆಗೆ ಇಳಿದು ನಿಂತಿತ್ತು. ಕೊಕ್ಕರೆ ಒಂದೂ ಇರಲಿಲ್ಲ.

ಓದುವಾಕೆ ಎರಡು ಹೆಜ್ಜೆ ಮುಂದೆ ಬಂದಳು. ಕತ್ತು ಉದ್ದ ಮಾಡಿ ನೋಡಿದಳು. ಇಷ್ಟೇನಾ ಅಂದಳು, ಮೆಲ್ಲಗೆ, ತನಗೇ.

“ಇಷ್ಟೇ” ಅಂದ ಚಿಲಕದವನು. ಓದುವಾಕೆಗೆ ಹೇಳಿದ್ದಲ್ಲ.

ಕಿಟಕಿ ಮುಚ್ಚಲಿಲ್ಲ. ಶಾಯಿ ಮುಟ್ಟಲಿಲ್ಲ. ಅಡಕತ್ತರಿ ಒರೆಸಿ ಚೀಲದಲ್ಲಿಟ್ಟು ಊಟದ ಪಡಸಾಲೆಗೆ ಹೋದ. ತಿಂಡಿಗೆ ಒಂದೇ ಎಲೆ ಹಾಕಿದ್ದರು. ಕೂತು ತಿಂದ.